ನೋವಿಲ್ಲದ ಗಾಯ: ಗುಂಪಿನಲ್ಲಿ ನಡೆದ ಜಗಳ

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ್ದು) ಶುಗರ್ ಇರುವವರ ಕಾಲಿನ ಗಾಯ ಮಾಯದಿರಲು ರಕ್ತದ ಸಕ್ಕರೆಯೊಂದೇ ಕಾರಣ. ಸಿಹಿ ಬಿಡಿ, ಗಾಯ ತೆರೆದಿಟ್ಟು ಗಾಳಿಗೆ ಒಣಗಿಸಿ. ನೋವಿಲ್ಲದಿದ್ದರೆ ಭಯ ಬೇಡ. ಎಲ್ಲರಿಗೂ ಕಳಿಸಿ!!

ಸುಮಾ: ದೊಡ್ಡಪ್ಪ, ದಯವಿಟ್ಟು ಇದನ್ನು ಬೇರೆಲ್ಲೂ ಹಾಕಬೇಡಿ. ಆ ನೋವಿನ ಸಾಲೊಂದೇ ಸಾಕು, ಯಾರದೋ ಕಾಲು ಹೋಗುವುದಕ್ಕೆ.

ದೊಡ್ಡಪ್ಪ: ಅಷ್ಟು ಸಿಟ್ಟು ಯಾಕಮ್ಮ? ನೋವಿಲ್ಲ ಅಂದ್ರೆ ವಾಸಿಯಾಗ್ತಿದೆ ಅಂತ ತಾನೇ?

ಸುಮಾ: ಇವರಲ್ಲಿ ಹಾಗಲ್ಲ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದು ಪಾದದ ನರಗಳು ಹಾಳಾಗಿರುತ್ತವೆ. ನಮಗೆ ಅಂಗಾಲಲ್ಲಿ ಹುಣ್ಣಾದರೆ ತಾನಾಗಿಯೇ ಕುಂಟುತ್ತೇವೆ, ಇವರು ಗೊತ್ತೇ ಆಗದೆ ದಿನವಿಡೀ ಅದರ ಮೇಲೇ ನಡೆಯುತ್ತಾರೆ, ಇವತ್ತು ಕೂಡಿಕೊಂಡ ಚೂರು ಚರ್ಮ ನಾಳೆ ಮತ್ತೆ ಜಜ್ಜಿಹೋಗುತ್ತದೆ. ಡಾಕ್ಟರು ಕಣ್ಣು ಮುಚ್ಚಿಸಿ ನೈಲಾನ್ ಎಳೆಯಿಂದ ಅಂಗಾಲು ಒತ್ತಿ ನೋಡುತ್ತಾರಲ್ಲ, ಅದು ಬಾಗುವುದು 10 ಗ್ರಾಂ ಒತ್ತಡಕ್ಕೆ. ಅದು ಗೊತ್ತಾಗದವರಿಗೆ ಚಪ್ಪಲಿಯೊಳಗಿನ ಕಲ್ಲೂ ಗೊತ್ತಾಗದೇ ಹೋಗಬಹುದು.

ಕಿರಣ: ಆದ್ರೂ ಮೂಲ ಸಕ್ಕರೆನೇ ಅಲ್ವಾ ಅಕ್ಕ? ಸುಮ್ನೆ ದೊಡ್ಡಪ್ಪನ ಮೇಲೆ ಬೀಳ್ತೀಯ.

ಸುಮಾ: ಸಕ್ಕರೆ ಇಳಿಸಲೇಬೇಕು, ಏರಿದ್ದರೆ ಬಿಳಿ ರಕ್ತಕಣಗಳು ಸೋಂಕಿನ ಎದುರು ಸೋಲುತ್ತವೆ. ಆದರೆ ಮೊಣಕಾಲಿನ ಕೆಳಗೆ ಕಟ್ಟಿಕೊಂಡ ರಕ್ತನಾಳ ಈ ವಾರ ಸಿಹಿ ಬಿಟ್ಟರೆ ತೆರೆದುಕೊಳ್ಳುತ್ತಾ? ರಕ್ತ ಸರಿಯಾಗಿ ಹೋಗದ ಕಡೆ ಆಂಟಿಬಯಾಟಿಕ್ಕೂ ಸರಿಯಾಗಿ ಹೋಗಲ್ಲ. ಇನ್ನೊಂದು ವಿಷಯ, ಮಾಮೂಲಿ ಗಾಯ ಕೆಲವು ದಿನ ಕೆಂಪಗೆ ಊದಿಕೊಂಡಿದ್ದು ಆಮೇಲೆ ಕೂಡಿಕೊಳ್ಳಲು ಶುರುವಾಗುತ್ತದೆ. ಇವರದು ಊತದ ಹಂತದಲ್ಲೇ ಸಿಕ್ಕಿಬೀಳುತ್ತದೆ, ಗಾಯ ಕೂಡಿಸುವ ಹೊಸ ಕೊಲಾಜೆನ್ ಅನ್ನೋ ಪ್ರೋಟೀನ್ ಬಂದ ಹಾಗೆಲ್ಲ ಗಾಯದಲ್ಲಿರುವ ಕಿಣ್ವಗಳೇ ಅದನ್ನು ಕರಗಿಸಿಬಿಡುತ್ತವೆ.

ಅತ್ತೆ: ಗಾಳಿಗೆ ಒಣಗಿಸೋದೂ ತಪ್ಪಾ? ನಾವೆಲ್ಲ ಹಾಗೇ ಮಾಡಿದ್ದು.

ಸುಮಾ: ಹಕ್ಕಳೆ ಕಟ್ಟಿದ ಗಾಯಕ್ಕಿಂತ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಚರ್ಮ ಬೇಗ ಬರುತ್ತದೆ ಅಂತ ಜಾರ್ಜ್ ವಿಂಟರ್ ಅನ್ನೋ ಸಂಶೋಧಕರು 1962ರಲ್ಲೇ ಹಂದಿಗಳಲ್ಲಿ ತೋರಿಸಿದ್ದರು ಅತ್ತೆ. ಒಣಗಿ ಕಪ್ಪಾದ ಬೆರಳಿನ ಕಥೆ ಬೇರೆ, ಅದನ್ನು ಮನೆಯಲ್ಲಿ ಮುಟ್ಟಲೇಬಾರದು.

ದೊಡ್ಡಪ್ಪ: ಸಿಹಿ ಬಿಡಿ ಅಂದಿದ್ದು ಸರಿ ಇದೆಯಲ್ಲ! ಸರಿ, ನಿನ್ನ ಪ್ರಕಾರ ಏನು ಮಾಡಬೇಕು?

ಸುಮಾ: ಮೊದಲು ಆ ಕಾಲಿನ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳಬೇಕು. ರಕ್ತದ ಹರಿವು, ಸೋಂಕು ಎಲ್ಲ ಪರೀಕ್ಷಿಸಿ ಡಾಕ್ಟರು ಕೆಲವರಿಗೆ ಮೊಣಕಾಲಿನವರೆಗೆ ಪ್ಲಾಸ್ಟರನ್ನೇ ಹಾಕುತ್ತಾರೆ. ವಾಸನೆ, ಜ್ವರ, ಕೆಂಪು ಹರಡುವುದು ಕಂಡರೆ ಅವತ್ತೇ ಹೋಗಬೇಕು, ನೋವಿರಲಿ ಬಿಡಲಿ.