ಸಿಟ್ಟಿಗೆ ಕೊಟ್ಟ ಗುಳಿಗೆ 12 ದಿನಕ್ಕೂ ನಾಟಿಲ್ಲ, ಬೋಟಿಗೆ ಹೋಗುವವರಿಗೆ ಲಿಥಿಯಂ ಆದೀತೇ?

ಬೈತಖೋಲ_ಆರೋಗ್ಯ:
ಪರ್ಸೀನ್ (ದೊಡ್ಡ ಸುತ್ತುಬಲೆಯ) ಮೀನುಗಾರಿಕೆ ಬೋಟಿಗೆ ಹೋಗುವ 34ರ ಯುವಕ. ಸಣ್ಣ ಮಾತಿಗೂ ಕೈ ಎತ್ತುತ್ತಾನೆ, ಹತ್ತು ನಿಮಿಷಕ್ಕೆ ತಣ್ಣಗಾಗಿ ಕಣ್ಣೀರು ಹಾಕುತ್ತಾನೆ. ಮನೋವೈದ್ಯರು ಫ್ಲೂಯಾಕ್ಸೆಟಿನ್ 20 ಮಿ.ಗ್ರಾಂ ಶುರುಮಾಡಿ 12 ದಿನವಾಯ್ತು. ಫರಕ್ಕಿಲ್ಲವೆಂದು ಮನೆಯವರು ನಿಲ್ಲಿಸಲು ಹೊರಟಿದ್ದಾರೆ. ಮುಂದೆ ಲಿಥಿಯಂ (ಮನಸ್ಸಿನ ಏರಿಳಿತ ಹಿಡಿದಿಡುವ ಔಷಧಿ) ಕೊಡುವ ಮಾತೂ ಇದೆ. ಮನೆಯವರಿಗೆ ಹೇಗೆ ಬಿಡಿಸಿ ಹೇಳಲಿ?

ಶಿರಸಿ_ಮನೋನರ್ಸ್:
ಖಂಡಿತ ನಿಲ್ಲಿಸಬೇಡಿ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೊನಿನ್ ಎಂಬ ರಾಸಾಯನಿಕ ಮರಳಿ ಹೀರಿಹೋಗುವುದನ್ನು ಗುಳಿಗೆ ಮೊದಲ ದಿನವೇ ತಡೆಯುತ್ತದೆ. ಆದರೆ ಅದನ್ನು ಸ್ರವಿಸುವ ನರಕೋಶದ ಮೇಲೇ ಬ್ರೇಕಿನಂಥ ಗ್ರಾಹಕಗಳಿವೆ, ಸೆರೊಟೊನಿನ್ ಹೆಚ್ಚಿದ ಕೂಡಲೇ ಅವು ಸ್ರಾವವನ್ನು ತಗ್ಗಿಸುತ್ತವೆ. ಆ ಬ್ರೇಕು ಸಡಿಲಾಗಲು ವಾರಗಳೇ ಬೇಕು. ಬೆದರಿಕೆ ಕಂಡೊಡನೆ ಹೊತ್ತಿಕೊಳ್ಳುವುದು ಮಿದುಳಿನೊಳಗಿನ ಅಮಿಗ್ಡಲಾ ಎಂಬ ಭಾಗ, ಅದನ್ನು ಹಿಡಿದು ನಿಲ್ಲಿಸುವುದು ಹಣೆಯ ಹಿಂದಿನ ಮಿದುಳು. 12 ವಾರ ಫ್ಲೂಯಾಕ್ಸೆಟಿನ್ ತಗೊಂಡವರ ಈ ಮುಂಭಾಗ ಹೆಚ್ಚು ಚುರುಕಾಗಿದ್ದು 2004ರ ಒಂದು ಪುಟ್ಟ ಸ್ಕ್ಯಾನ್ ಅಧ್ಯಯನದಲ್ಲಿ ಕಂಡಿದೆ. ಎಲ್ಲರಿಗೂ ಪೂರ್ತಿ ವಾಸಿಯಾಗುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡಿ. ಕೂಗಾಟ, ವಸ್ತು ಎಸೆತ, ಹೊಡೆತ ವಾರಕ್ಕೆ ಎಷ್ಟು ಸಲ ಎಂದು ಕ್ಯಾಲೆಂಡರಿನಲ್ಲೇ ಗೀಟು ಹಾಕಲಿ. ನೆನಪಿನ ಲೆಕ್ಕ ಕೈಕೊಡುತ್ತದೆ. ನಿದ್ದೆಯೇ ಬೇಡವೆನ್ನುವಷ್ಟು ಹುರುಪು ಬಂದರೆ, ಸಿಡುಕು ಇನ್ನೂ ಏರಿದರೆ, ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ.

ಕುಮಟಾ_ಔಷಧಾಲಯ:
ಲಿಥಿಯಂ ಬಗ್ಗೆ ನನಗೆ ಭಯವಿರುವುದು ಬಿಸಿಲಿನದು. ಮೈಯ ಉಪ್ಪು, ನೀರು ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಜೊತೆ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಮಟ್ಟ ಏರುತ್ತದೆ. ಬಲೆ ಎಳೆದು ಬೆವರಿದವ ಬರೀ ನೀರು ಕುಡಿದರೆ ಸಾಲದು, ಉಪ್ಪು ಹಾಕಿದ ಗಂಜಿಯೂ ಬೇಕು. ಸೊಂಟನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಲೇಬಾರದು, ಅವೂ ಮಟ್ಟ ಏರಿಸುತ್ತವೆ. ನಮ್ಮ ಕರಾವಳಿಯಲ್ಲಿ ಇದೇ ಹೆಚ್ಚು ತಪ್ಪುವುದು. ಪ್ಯಾರಾಸಿಟಮಾಲ್ ಆದೀತು.

ವೈದ್ಯರು ಒಪ್ಪಿದರೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಶುರುಮಾಡಿಸಿ. ದಡದಲ್ಲೇ ಇರುತ್ತಾನೆ, ರಕ್ತ ಪರೀಕ್ಷೆ ತಪ್ಪುವುದಿಲ್ಲ. ಡೋಸ್ ಬದಲಿಸಿ 5ರಿಂದ 7 ದಿನಕ್ಕೆ, ಕೊನೆಯ ಗುಳಿಗೆಯಾಗಿ 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ನುಂಗಿದ್ದರೆ ಬೆಳಿಗ್ಗೆ 9. ರಕ್ತದ ಲಿಥಿಯಂ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಲಿ ಎನ್ನುತ್ತಾರೆ. ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಥೈರಾಯ್ಡ್ ಮೊದಲೇ ಮಾಡಿಸಿ, ಆಮೇಲೆ ಆರು ತಿಂಗಳಿಗೊಮ್ಮೆ.

ಶಿರಸಿ_ಮನೋನರ್ಸ್:
ಇನ್ನೊಂದು. ನಿದ್ದೆಗೆಂದು ಅಲ್ಪ್ರಾಜೋಲಾಮ್ ತರಿಸುತ್ತಿದ್ದರೆ ವೈದ್ಯರಿಗೆ ಹೇಳಿ. ಕೆಲವರಲ್ಲಿ ಅದು ಸಾರಾಯಿಯಂತೆಯೇ ತಡೆಯನ್ನು ಕಳಚಿ ಸಿಟ್ಟು ಹೆಚ್ಚಿಸುತ್ತದೆ. ದಿನಾ ನುಂಗುತ್ತಿದ್ದರೆ ತಾವೇ ಒಮ್ಮೆಲೇ ಬಿಡಬಾರದು. ಫ್ಲೂಯಾಕ್ಸೆಟಿನ್ ಜೊತೆಗೇ ಲಿಥಿಯಂ ಸೇರಿಸಿದರೆ ಮೈ ಬೆವರುವುದು, ಸ್ನಾಯು ಸೆಟೆಯುವುದು, ಜ್ವರ ಕಂಡರೆ ಆಸ್ಪತ್ರೆಗೆ ಒಯ್ಯಲು ತಡಮಾಡಬೇಡಿ.

ಕುಮಟಾ_ಔಷಧಾಲಯ:
ಬೋಟು ನಡೆಸುವ ತಾಂಡೇಲರಿಗೂ ಲಿಥಿಯಂ ಅತಿಯಾದಾಗಿನ ಲಕ್ಷಣ ಇಷ್ಟು ಗೊತ್ತಿರಲಿ: ಕೈ ಜೋರಾಗಿ ನಡುಗಿ, ವಾಂತಿ ಭೇದಿಯಾಗಿ, ನಾಲಿಗೆ ತೊದಲಿ, ನಡಿಗೆ ತೂರಾಡಿದರೆ ಕುಡಿದಿದ್ದಾನೆಂದು ಮಲಗಿಸಬಾರದು. ಮುಂದಿನ ಗುಳಿಗೆ ಕೊಡದೆ ಬೋಟು ದಡಕ್ಕೆ ತಿರುಗಿಸಿ ನೇರ ಆಸ್ಪತ್ರೆಗೆ.