ರೆಡ್‌ಮೈನ್: ಸೋಮವಾರದ ಸ್ವಯಂಚಾಲಿತ ವರದಿಯಲ್ಲಿ ಕರಾವಳಿಯ ದೂರುಗಳು ಬರುತ್ತಿಲ್ಲ

ಶಿರಸಿ ಸರ್ವಿಸ್:
ನಮಸ್ಕಾರ. ಅಡಿಕೆ ಸುಲಿಯುವ ಯಂತ್ರಗಳನ್ನು ದುರಸ್ತಿ ಮಾಡುವ ನಮ್ಮ ತಂಡ ಬಂದ ದೂರುಗಳನ್ನೆಲ್ಲ ರೆಡ್‌ಮೈನ್ ಎಂಬ, ಕೆಲಸ ಮತ್ತು ದೂರುಗಳ ಲೆಕ್ಕ ಇಡುವ ತಂತ್ರಾಂಶದಲ್ಲಿ ದಾಖಲಿಸುತ್ತದೆ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಅಂಕೋಲಾ ತಾಲ್ಲೂಕುಗಳಿಗೆ ಒಂದೊಂದು ಉಪಯೋಜನೆ ಇದೆ. ಯಂತ್ರದ ಮಾದರಿ, ಊರು, ಬೇಕಾದ ಬಿಡಿಭಾಗ ಎಂಬ ಕಸ್ಟಮ್ ಫೀಲ್ಡ್‌ಗಳನ್ನೂ ಸೇರಿಸಿಕೊಂಡಿದ್ದೇವೆ. ಬಾಕಿ ಕೆಲಸ ಮತ್ತು ಹಿಂದಿನ ವಾರ ಮುಗಿದ ಕೆಲಸಗಳ ವರದಿ ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರಿಗೂ ಮೇಲ್‌ನಲ್ಲಿ ಹೋಗುತ್ತದೆ. ಮಳೆಗಾಲದಲ್ಲಿ ಇದು ಸರಿಯಾಗಿಯೇ ಇತ್ತು. ಕೊಯ್ಲು ಆರಂಭವಾದ ಮೇಲೆ ಹೊನ್ನಾವರ, ಅಂಕೋಲಾದ ಬಾಕಿ ದೂರುಗಳು ವರದಿಯಲ್ಲಿ ಕಾಣುತ್ತಿಲ್ಲ. ಬ್ರೌಸರ್‌ನಲ್ಲಿ ತೆರೆದು ನೋಡಿದರೆ ಎಲ್ಲವೂ ಇವೆ. ಮುಗಿದ ಕೆಲಸಗಳ ಅಂಕಣವಂತೂ ಮೊದಲಿನಿಂದಲೂ ಖಾಲಿ. ವರದಿ ನೋಡಿಯೇ ನಮ್ಮವರು ಆ ವಾರ ಯಾವ ಊರಿಗೆ ಹೋಗಬೇಕೆಂದು ತೀರ್ಮಾನಿಸುವುದರಿಂದ ಹೊನ್ನಾವರ ಕಡೆಗೆ ಯಾರೂ ಹೋಗಿರಲಿಲ್ಲ, ಬೆಳೆಗಾರರೊಬ್ಬರು ಬೇಸರದಿಂದ ಫೋನ್ ಮಾಡಿದಾಗಲೇ ವಿಷಯ ತಿಳಿಯಿತು. ದಯವಿಟ್ಟು ಬೇಗ ತಿಳಿಸಿ.

ಕಾರವಾರ ಲಿನಕ್ಸ್:
ಇದು ಟೈಮ್‌ಝೋನ್ ಸಮಸ್ಯೆಯೇ ಇರಬೇಕು. ಬಾಡಿಗೆಗೆ ಪಡೆದ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತವೆ, ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಬೆಳಿಗ್ಗೆ 6 ಎಂದು ಬರೆದಿದ್ದರೆ ಅದು ಇಲ್ಲಿನ 11:30ಕ್ಕೆ ಓಡುತ್ತದೆ. ಇಲ್ಲಿನ ಬೆಳಿಗ್ಗೆ 6ಕ್ಕೆ ಓಡಬೇಕಾದರೆ ಗಂಟೆ 0, ನಿಮಿಷ 30 ಎಂದು ಕೊಡಬೇಕು. ಇದನ್ನು ಮೊದಲು ಸರಿಪಡಿಸಿಕೊಳ್ಳಿ.

ಶಿರಸಿ ಸರ್ವಿಸ್:
ಮೇಲ್ ಸರಿಯಾಗಿ 6 ಗಂಟೆಗೇ ಬರುತ್ತಿದೆ.

ಕಾರವಾರ ಲಿನಕ್ಸ್:
ಮೇಲ್ ಬರುವ ಹೊತ್ತು ಬೇರೆ, ವಾರ ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕ ಬೇರೆ. ರೆಡ್‌ಮೈನ್ ತನ್ನ ಡೇಟಾಬೇಸ್‌ನಲ್ಲಿ ಸಮಯವನ್ನು ಯುಟಿಸಿಯಲ್ಲೇ ಇಡುತ್ತದೆ. ಭಾನುವಾರ ಮತ್ತು ಸೋಮವಾರದ ಗಡಿಯಲ್ಲಿರುವ ದೂರುಗಳು ಅದರಿಂದಲೇ ತಪ್ಪಿಹೋಗುತ್ತಿರಬಹುದು.

ಅಘನಾಶಿನಿ:
ಗಡಿಯಲ್ಲಿರುವ ಒಂದೆರಡು ದೂರುಗಳು ತಪ್ಪಿದರೆ ಆ ವಿವರಣೆ ಸಾಕು. ಎರಡು ತಾಲ್ಲೂಕುಗಳೇ ಇಲ್ಲವಾಗುವುದಕ್ಕೆ ಅದು ಸಾಲದು. ಶಿರಸಿಯವರೇ, ವರದಿಯನ್ನು ಯಾವುದು ತಯಾರಿಸುತ್ತಿದೆ ಎಂಬುದನ್ನೇ ನೀವು ಬರೆದಿಲ್ಲ. ರೆಡ್‌ಮೈನ್ ಜೊತೆಗೇ ಬರುವ ರಿಮೈಂಡರ್ ಕಮಾಂಡ್ ಗಡುವು ಸಮೀಪಿಸಿದ ಕೆಲಸಗಳನ್ನು ನೆನಪಿಸುತ್ತದೆಯೇ ಹೊರತು ನೀವು ಹೇಳುವಂಥ ಅಂಕಣಗಳ ವರದಿಯನ್ನು ಕೊಡುವುದಿಲ್ಲ. ಪ್ಲಗಿನ್ ಹಾಕಿದ್ದೀರೋ, ಸ್ಕ್ರಿಪ್ಟ್ ಬರೆಸಿದ್ದೀರೋ? ಸ್ಕ್ರಿಪ್ಟ್ ಆದರೆ ಯಾರ ಎಪಿಐ ಕೀ (ಪ್ರೋಗ್ರಾಂಗಳು ರೆಡ್‌ಮೈನ್‌ನಿಂದ ನೇರವಾಗಿ ಮಾಹಿತಿ ಕೇಳಲು ಬಳಸುವ ಗುಪ್ತ ಕೀಲಿ) ಬಳಸುತ್ತಿದೆ? ಆ ವ್ಯಕ್ತಿಗೆ ಕಾಣದ ದೂರು ವರದಿಗೂ ಕಾಣದು. ರೋಲ್‌ನಲ್ಲಿ ತಾನು ಬರೆದ ಅಥವಾ ತನಗೆ ವಹಿಸಿದ ದೂರುಗಳು ಮಾತ್ರ ಎಂದು ಆಯ್ಕೆ ಮಾಡಿದ್ದರೆ ಉಳಿದವೆಲ್ಲ ಮರೆಯಾಗುತ್ತವೆ.

ಶಿರಸಿ ಸರ್ವಿಸ್:
ಪೈಥಾನ್ ಸ್ಕ್ರಿಪ್ಟ್. ಅದು ರೆಡ್‌ಮೈನ್‌ನಿಂದ ಜೇಸನ್ ರೂಪದಲ್ಲಿ ಪಟ್ಟಿ ತರಿಸಿಕೊಂಡು ಸಿಎಸ್‌ವಿ ಫೈಲ್ ಮಾಡಿ ಮೇಲ್‌ಗೆ ಲಗತ್ತಿಸುತ್ತದೆ. ಕೀ ಅಡ್ಮಿನ್‌ನದು, ಆದ್ದರಿಂದ ಅನುಮತಿಯ ತೊಂದರೆ ಇರಲಾರದು. ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಊರಿನ ಹೆಸರುಗಳು ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಸಿದ್ದಾಪುರದವ:
ಕನ್ನಡ ಅಕ್ಷರ ಒಡೆಯುತ್ತಿದ್ದರೆ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ತುಂಬಿಸಿ. ನಮ್ಮ ಕಚೇರಿಯಲ್ಲಿ ಬಹಳ ಕಾಲದಿಂದ ಹಾಗೆಯೇ ನಡೆಯುತ್ತಿದೆ.

ಅಘನಾಶಿನಿ:
ಆ ಸಲಹೆಯನ್ನು ಖಂಡಿತ ಪಾಲಿಸಬೇಡಿ. ಹಳೆಯ ಫಾಂಟ್‌ನಲ್ಲಿ ಬರೆದದ್ದು ಕಂಪ್ಯೂಟರಿಗೆ ಕನ್ನಡವೇ ಅಲ್ಲ, ಆ ಫಾಂಟ್ ಇಲ್ಲದ ಕಡೆ ಓದಲೂ ಬಾರದು, ರೆಡ್‌ಮೈನ್‌ನಲ್ಲಿ ಹುಡುಕಲೂ ಬಾರದು. ಡೇಟಾ ಯೂನಿಕೋಡ್‌ನಲ್ಲೇ ಇರಲಿ. ಫೈಲ್‌ನ ಮೊದಲಿಗೆ ಬಿಒಎಂ ಎಂಬ, ಕಣ್ಣಿಗೆ ಕಾಣದ ಗುರುತು ಇಲ್ಲದಿದ್ದರೆ ಎಕ್ಸೆಲ್ ಅದನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಒಂದು ವಿಧಾನ) ಎಂದು ಗುರುತಿಸದೆ ಹೋಗಬಹುದು. ಪೈಥಾನ್‌ನಲ್ಲಿ ಫೈಲ್ ಬರೆಯುವಾಗ ಎನ್‌ಕೋಡಿಂಗ್ ಅನ್ನು ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಸಾಕು. ದೂರುಗಳು ಕಾಣೆಯಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಸಿದ್ದಾಪುರದವ:
ನಮ್ಮಲ್ಲಿ ಎಲ್ಲರ ಕಂಪ್ಯೂಟರಿನಲ್ಲೂ ಆ ಫಾಂಟ್ ಇದೆ, ತೊಂದರೆ ಆಗಿಲ್ಲ.

ಯಲ್ಲಾಪುರ ಇನ್ವರ್ಟರ್:
ಎಪಿಐ ಗೊಡವೆಯೇ ಬೇಡ. ನಾನು ಮನೆಯಲ್ಲೇ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಡಾಕರ್ ಮೂಲಕ ರೆಡ್‌ಮೈನ್ ಮತ್ತು ಅದರ ಪೋಸ್ಟ್‌ಗ್ರೆಸ್ ಡೇಟಾಬೇಸ್ ನಡೆಸುತ್ತಿದ್ದೇನೆ. ಮಳೆಗಾಲದಲ್ಲಿ ದಿನವಿಡೀ ಕರೆಂಟ್ ಇಲ್ಲದಿದ್ದರೂ ಇನ್ವರ್ಟರ್ ಮತ್ತು ಸೋಲಾರ್ ಸೇರಿ ಅದನ್ನು ಎಚ್ಚರವಾಗಿಡುತ್ತವೆ, ಪ್ರತಿ ರಾತ್ರಿ ಬ್ಯಾಕಪ್ ಕೂಡ ಆಗುತ್ತದೆ. ವರದಿಗೆ ನೇರವಾಗಿ ಡೇಟಾಬೇಸ್‌ಗೇ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಬರೆದಿದ್ದೇನೆ, ಒಂದು ಸಾಲೂ ತಪ್ಪುವುದಿಲ್ಲ.

ಕಾರವಾರ ಲಿನಕ್ಸ್:
ನೇರ ಎಸ್‌ಕ್ಯೂಎಲ್ ಬರೆದರೆ ಯಾರಿಗೆ ಯಾವ ದೂರು ಕಾಣಬೇಕೆಂಬ ರೆಡ್‌ಮೈನ್‌ನ ನಿಯಮಗಳು ಅನ್ವಯಿಸುವುದಿಲ್ಲ. ಆವೃತ್ತಿ ಬದಲಾಗಿ ಟೇಬಲ್‌ಗಳ ರಚನೆ ಬದಲಾದರೆ ವರದಿಯೇ ನಿಂತುಹೋಗುತ್ತದೆ. ತಂಡವಾಗಿ ಬಳಸುವ ಕಡೆ ಇದು ಸರಿಯಲ್ಲ.

ಯಲ್ಲಾಪುರ ಇನ್ವರ್ಟರ್:
ನನ್ನ ವರದಿ ನಿಂತಿಲ್ಲ, ಶಿರಸಿಯವರ ವರದಿಯೇ ಅರ್ಧ ಬರುತ್ತಿರುವುದು.

ಅಘನಾಶಿನಿ:
ಆ ಚರ್ಚೆಯನ್ನು ಬೇರೆ ಕಡೆ ಮುಂದುವರಿಸಿ. ಶಿರಸಿಯವರೇ, ವರದಿಯಲ್ಲಿ ಒಟ್ಟು ಎಷ್ಟು ಸಾಲುಗಳಿವೆ ಎಂದು ಎಣಿಸಿ ತಿಳಿಸಿ. ಹಿಂದಿನ ವಾರಗಳದ್ದನ್ನೂ ನೋಡಿ.

ಶಿರಸಿ ಸರ್ವಿಸ್:
ಈ ವಾರ 25. ಕಳೆದ ವಾರವೂ 25, ಅದರ ಹಿಂದಿನದ್ದೂ 25. ಮಳೆಗಾಲದ ವರದಿಗಳಲ್ಲಿ ಅದಕ್ಕಿಂತ ಕಡಿಮೆ ಇವೆ.

ಅಘನಾಶಿನಿ:
ಕಾರಣ ಸಿಕ್ಕಿತು. ರೆಡ್‌ಮೈನ್‌ನ ಎಪಿಐ, ಎಷ್ಟು ಬೇಕೆಂದು ಹೇಳದೆ ಕೇಳಿದರೆ, ಒಂದು ಸಲಕ್ಕೆ 25 ದೂರುಗಳನ್ನು ಮಾತ್ರ ಕೊಡುತ್ತದೆ. ಲಿಮಿಟ್ ಹಾಕಿದರೂ ಗರಿಷ್ಠ 100, 500 ಕೇಳಿದರೂ ಬರುವುದು 100 ಮಾತ್ರ. ಎರರ್ ಬಾರದ ಕಾರಣ ಸ್ಕ್ರಿಪ್ಟ್ ಎಲ್ಲವೂ ಸಿಕ್ಕಿತೆಂದುಕೊಂಡು ಮೇಲ್ ಕಳಿಸಿಬಿಡುತ್ತದೆ. ಇನ್ನೊಂದು ವಿಷಯವನ್ನು ದಯವಿಟ್ಟು ಗಮನಿಸಿ. ಕ್ರಮ ಸೂಚಿಸದಿದ್ದರೆ ಪಟ್ಟಿ ಹೊಸ ದೂರಿನಿಂದ ಆರಂಭವಾಗಿ ಹಳೆಯದರತ್ತ ಇಳಿಯುತ್ತದೆ. ಆದ್ದರಿಂದ ಕತ್ತರಿಸಿಹೋಗುವುದು ಕರಾವಳಿಯ ದೂರುಗಳೆಂದಲ್ಲ, ಹಳೆಯ ದೂರುಗಳು. ಕೊಯ್ಲು ಶುರುವಾಗಿ ಘಟ್ಟದ ಮೇಲಿನವರು ದಿನವೂ ಹೊಸ ದೂರು ದಾಖಲಿಸುತ್ತಿದ್ದಂತೆ, ಬಿಡಿಭಾಗ ಬರಲೆಂದು ಮೊದಲಿನಿಂದ ಕಾಯುತ್ತಿರುವ ಹೊನ್ನಾವರ, ಅಂಕೋಲಾದವರು 25ರಿಂದ ಕೆಳಗೆ ಜಾರಿದ್ದಾರೆ. ಎಲ್ಲರಿಗಿಂತ ಹೆಚ್ಚು ದಿನ ಕಾದವರೇ ವರದಿಯಿಂದ ಹೊರಗುಳಿಯುತ್ತಿರುವುದರಿಂದ ಇದನ್ನು ಇವತ್ತೇ ಸರಿಪಡಿಸಬೇಕು.

ಸ್ಕ್ರಿಪ್ಟ್‌ನಲ್ಲಿ ಲಿಮಿಟ್ 100 ಎಂದು ಕೊಡಿ, ಎಷ್ಟು ದೂರುಗಳನ್ನು ಬಿಟ್ಟು ಮುಂದಿನದನ್ನು ಕೊಡಬೇಕೆಂದು ಹೇಳುವ ಆಫ್‌ಸೆಟ್ ಅನ್ನು 0, 100, 200 ಎಂದು ಹೆಚ್ಚಿಸುತ್ತ ಮತ್ತೆ ಮತ್ತೆ ಕೇಳಿ. ಪ್ರತಿ ಉತ್ತರದ ಜೊತೆಗೂ ಟೋಟಲ್ ಕೌಂಟ್ ಎಂಬ ಸಂಖ್ಯೆ ಬರುತ್ತದೆ. ಕೂಡಿಸಿದ ದೂರುಗಳು ಅಷ್ಟಾಗುವವರೆಗೆ ನಿಲ್ಲಿಸಬೇಡಿ. ಕ್ರಮವನ್ನು ದೂರಿನ ಸಂಖ್ಯೆಗೆ ಅನುಗುಣವಾಗಿ ಏರಿಕೆಯಲ್ಲಿಟ್ಟರೆ ನಡುವೆ ಹೊಸ ದೂರು ಸೇರಿದರೂ ಪುಟಗಳು ಕಲಸಿಹೋಗುವುದಿಲ್ಲ. ಮುಗಿದ ಕೆಲಸದ ಅಂಕಣ ಖಾಲಿ ಇರುವುದಕ್ಕೆ ಕಾರಣ ಬೇರೆ: ಸ್ಟೇಟಸ್ ಹೇಳದಿದ್ದರೆ ಎಪಿಐ ತೆರೆದಿರುವ ದೂರುಗಳನ್ನಷ್ಟೇ ಕೊಡುತ್ತದೆ. ಸ್ಟೇಟಸ್ ಐಡಿಗೆ ಕ್ಲೋಸ್ಡ್ ಎಂದು ಕೊಟ್ಟು, ಮುಚ್ಚಿದ ದಿನಾಂಕಕ್ಕೆ ವಾರದ ಮಿತಿ ಹಾಕಿ ಪ್ರತ್ಯೇಕವಾಗಿ ಕೇಳಿ.

ಕಾರವಾರ ಲಿನಕ್ಸ್:
ಮುಚ್ಚಿದ ದಿನಾಂಕದ ಮಿತಿ ಹಾಕುವಾಗ ಟೈಮ್‌ಝೋನ್ ನೋಡಿಕೊಳ್ಳಲೇಬೇಕು, ನಾನು ಆರಂಭದಿಂದ ಹೇಳುತ್ತಿರುವುದೂ ಅದನ್ನೇ.

ಶಿರಸಿ ಸರ್ವಿಸ್:
ಅಘನಾಶಿನಿಯವರಿಗೆ ತುಂಬು ಧನ್ಯವಾದ. ಹೇಳಿದಂತೆ ಬದಲಾಯಿಸಿ ಓಡಿಸಿದೆವು; ಎಲ್ಲ ತಾಲ್ಲೂಕುಗಳೂ ಬಂದವು, ಮುಗಿದ ಕೆಲಸಗಳೂ ಬಂದವು, ಊರಿನ ಹೆಸರುಗಳು ಕನ್ನಡದಲ್ಲೇ ಕಾಣುತ್ತಿವೆ. ವರದಿಯ ಮೊದಲ ಸಾಲಿನಲ್ಲಿ ಟೋಟಲ್ ಕೌಂಟ್ ಮತ್ತು ನಮ್ಮ ಎಣಿಕೆ ಎರಡನ್ನೂ ಅಚ್ಚಾಗುವಂತೆ ಮಾಡಿದ್ದೇವೆ, ಎರಡೂ ಹೊಂದದಿದ್ದರೆ ಮೇಲ್ ಹೋಗದೆ ನನಗೆ ಎಚ್ಚರಿಕೆ ಬರುತ್ತದೆ. ಹೊನ್ನಾವರಕ್ಕೆ ನಾಳೆ ಬೆಳಿಗ್ಗೆ ಇಬ್ಬರು ಹೊರಡುತ್ತಿದ್ದಾರೆ.

ಇನ್ನೊಂದು ಪ್ರಶ್ನೆ ಉಳಿದಿದೆ. ತೋಟದ ಮನೆಗಳಲ್ಲಿ ನೆಟ್‌ವರ್ಕ್ ಸಿಗದ ಕಾರಣ ನಮ್ಮವರು ಶನಿವಾರ ಮುಗಿಸಿದ ಕೆಲಸವನ್ನು ಸೋಮವಾರ ಪೇಟೆಗೆ ಬಂದ ಮೇಲೆ ಮುಚ್ಚುತ್ತಾರೆ. ಆಗ ಅದು ಮುಂದಿನ ವಾರದ ಲೆಕ್ಕಕ್ಕೆ ಹೋಗುತ್ತದೆ.

ಅಘನಾಶಿನಿ:
ಕೆಲಸ ಮುಗಿದ ದಿನ ಎಂದು ದಿನಾಂಕ ಮಾದರಿಯ ಕಸ್ಟಮ್ ಫೀಲ್ಡ್ ಮಾಡಿ, ಫಿಲ್ಟರ್ ಆಗಿ ಬಳಸುವ ಆಯ್ಕೆಗೆ ಗುರುತು ಹಾಕಿ, ನಿಮ್ಮ ಟ್ರ್ಯಾಕರ್‌ಗೂ (ರೆಡ್‌ಮೈನ್‌ನಲ್ಲಿ ದೂರಿನ ವಿಧ) ಎಲ್ಲ ಉಪಯೋಜನೆಗಳಿಗೂ ಅದನ್ನು ಸೇರಿಸಿ. ವರ್ಕ್‌ಫ್ಲೋದಲ್ಲಿ ಮುಚ್ಚಿದ ಸ್ಥಿತಿಗೆ ಆ ಫೀಲ್ಡ್ ಕಡ್ಡಾಯ ಎಂದು ಮಾಡಿದರೆ ಅದನ್ನು ತುಂಬದೆ ದೂರು ಮುಚ್ಚಲಾಗದು. ವರದಿ ಆ ದಿನಾಂಕವನ್ನೇ ನೋಡಲಿ.

ಶಿರಸಿ ಸರ್ವಿಸ್:
ಮಾಡುತ್ತೇವೆ. ಆದರೆ ಸೋಮವಾರ ಬೆಳಿಗ್ಗೆಯ ವರದಿ ಹೋದ ಮೇಲೆ ಮಧ್ಯಾಹ್ನ ತುಂಬಿದ ಶನಿವಾರದ ಕೆಲಸಗಳಿಗೆ ಏನು ಮಾಡುವುದು? ಹಿಂದಿನ ವಾರದ ವರದಿಯನ್ನು ಮಂಗಳವಾರ ಮತ್ತೊಮ್ಮೆ ಕಳಿಸುವ ಪದ್ಧತಿ ಯಾರಲ್ಲಾದರೂ ಇದ್ದರೆ ತಿಳಿಸಿ.