ಪಣಜಿಯ ಹಳೆಯ ಮನೆಯೊಳಗಿನ ಕಲಾಕೇಂದ್ರಕ್ಕೆ ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯಬಹುದೇ?

ವಾಸ್ಕೋ ಕನ್ನಡ ಬಳಗ:

ಎಲ್ಲರಿಗೂ ನಮಸ್ಕಾರ. ವಾಸ್ಕೋ ಮತ್ತು ಝುವಾರಿನಗರದ ಸುತ್ತಮುತ್ತ ನೆಲೆಸಿರುವ ಕೆಲವು ಕುಟುಂಬಗಳು ಸೇರಿ, ಇಲ್ಲಿನ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ರಜಾ ದಿನಗಳಲ್ಲಿ ಕನ್ನಡ ಕಲಿಸುತ್ತಿದ್ದೇವೆ. ಮಳೆಗಾಲ ಮುಗಿದ ಮೇಲೆ ಅವರನ್ನು ಒಂದು ದಿನ ಹೊರಗೆ ಕರೆದುಕೊಂಡು ಹೋಗುವ ರೂಢಿಯಿದೆ. ಹಳೆ ಗೋವಾದ ಚರ್ಚುಗಳು, ಮಂಗೇಶಿ, ಶಾಂತಾದುರ್ಗೆ, ಸಮುದ್ರತೀರ ಎಲ್ಲವೂ ಆಗಿವೆ. ಈ ಬಾರಿ ಪಣಜಿಯ ಆಲ್ತಿನೊ ಗುಡ್ಡದ ಮೇಲಿರುವ ಸುನಾಪರಾಂತ ಕಲಾಕೇಂದ್ರಕ್ಕೆ ಹೋಗೋಣವೆಂದು ನಮ್ಮಲ್ಲಿ ಒಬ್ಬರು ಸೂಚಿಸಿದ್ದಾರೆ. ಹಳೆಯ ಮನೆಯೊಂದನ್ನು ಕೆಡವದೆ ಅದರಲ್ಲಿಯೇ ಚಿತ್ರಶಾಲೆ, ಗ್ರಂಥಾಲಯ, ಸಣ್ಣ ಬಯಲು ರಂಗಮಂದಿರ ಮಾಡಿದ್ದಾರೆಂದು ಕೇಳಿದ್ದೇವೆ.

ನಮ್ಮ ಗುಂಪಿನಲ್ಲಿ ಸುಮಾರು ಇಪ್ಪತ್ತೈದು ಜನರಿರುತ್ತಾರೆ. ಎಂಟು ವರ್ಷದ ಮಕ್ಕಳಿಂದ ಹಿಡಿದು ಮೊಣಕಾಲು ನೋವಿರುವ ಅಜ್ಜಿಯರವರೆಗೆ. ಚಿತ್ರಕಲೆಯ ಗಂಧಗಾಳಿ ಇಲ್ಲದ ನಮ್ಮಂಥವರು ಇಂಥ ಜಾಗಕ್ಕೆ ಹೋದರೆ ನೋಡುವುದೇನು, ಮಕ್ಕಳಿಗೆ ತೋರಿಸುವುದೇನು ಎಂಬುದು ಮೊದಲ ಅನುಮಾನ. ಗುಂಪಾಗಿ ಬಂದವರನ್ನು ಅಲ್ಲಿಯವರು ಹೇಗೆ ಕಾಣುತ್ತಾರೆ, ಅಷ್ಟು ದೂರ ಹೋದ ಮೇಲೆ ಅದೇ ದಿನ ಹತ್ತಿರದಲ್ಲಿ ಬೇರೇನು ನೋಡಬಹುದು ಎಂಬುದನ್ನೂ ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಸುಣ್ಣಗಾರೆ, ಪಣಜಿ:

ಮಾನ್ಯರೇ, ಖಂಡಿತ ಹೋಗಿಬನ್ನಿ. ನಾನು ಕುಮಟಾ ಕಡೆಯವನು. ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಉದ್ಯೋಗ. ಆದ್ದರಿಂದ ನನ್ನ ಸಲಹೆಯಲ್ಲಿ ಸ್ವಲ್ಪ ಪಕ್ಷಪಾತ ಇರಬಹುದೆಂದು ತಿಳಿದೇ ಓದಿ.

ಸುನಾಪರಾಂತ 2009ರಲ್ಲಿ ಆರಂಭವಾಯಿತು. ದತ್ತರಾಜ್ ಮತ್ತು ದೀಪ್ತಿ ಸಾಳಗಾಂವಕರ್ ದಂಪತಿ ಸ್ಥಾಪಿಸಿದ ಸಂಸ್ಥೆಯಿದು. ಕಟ್ಟಡ ಇಂಡೋ-ಪೋರ್ಚುಗೀಸ್ ಮಾದರಿಯ ಮನೆ. ನಡುವೆ ಅಂಗಳ, ಅದರ ಸುತ್ತ ಕೋಣೆಗಳು. ನಮ್ಮ ಕರಾವಳಿಯ ಚೌಕಿ ಮನೆಗಳನ್ನು ಕಂಡವರಿಗೆ ಈ ವಿನ್ಯಾಸ ಹೊಸದಲ್ಲ. ಅಂಗಳದ ಬದಿಯಲ್ಲಿಯೇ ಒಂದು ಕೆಫೆ ಇದೆ. ಒಳಗೆ ಪ್ರದರ್ಶನಗಳು ಬದಲಾಗುತ್ತಲೇ ಇರುತ್ತವೆ. ನೀವು ಹೋದ ದಿನ ಛಾಯಾಚಿತ್ರಗಳಿರಬಹುದು, ಶಿಲ್ಪಗಳಿರಬಹುದು, ಎರಡು ಪ್ರದರ್ಶನಗಳ ನಡುವಿನ ಬಿಡುವಿನಲ್ಲಿ ಹೋದರೆ ಬರಿಗೋಡೆಯೂ ಸಿಗಬಹುದು. ಹಾಗಾಗಿ ಹೊರಡುವ ವಾರ ಫೋನ್ ಮಾಡಿ ದಿನ, ವೇಳೆ ಹಾಗೂ ಆಗ ನಡೆಯುತ್ತಿರುವ ಪ್ರದರ್ಶನ ಯಾವುದೆಂದು ಕೇಳಿಕೊಳ್ಳಿ, ಇಪ್ಪತ್ತೈದು ಜನ ಬರುತ್ತೇವೆಂದೂ ಹೇಳಿಬಿಡಿ.

ಚಿತ್ರಕಲೆ ತಿಳಿಯದವರು ಏನು ನೋಡಬೇಕೆಂದು ಕೇಳಿದ್ದೀರಿ. ಮೊದಲು ಕಟ್ಟಡವನ್ನೇ ನೋಡಿ. ಗೋವಾದ ಹಳೆಯ ಮನೆಗಳ ಗೋಡೆ ಕೆಂಪುಕಲ್ಲಿನದು. ಉತ್ತರ ಕನ್ನಡದವರು ಚಿರೇಕಲ್ಲು ಎನ್ನುತ್ತಾರೆ, ಮಂಗಳೂರಿನವರು ಮುರಕಲ್ಲು ಎನ್ನುತ್ತಾರೆ. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ, ಆದರೆ ಅದರ ಮೈತುಂಬ ರಂಧ್ರಗಳಿರುವುದರಿಂದ ನೀರನ್ನು ಹೀರುತ್ತಲೇ ಇರುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಇಂಥ ಗೋಡೆ ಶತಮಾನ ಕಳೆದರೂ ನಿಲ್ಲುವುದಕ್ಕೆ ಕಾರಣ ಅದರ ಮೇಲಿನ ಸುಣ್ಣದ ಗಾರೆ. ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ಹಾಗೆಯೇ ಬಿಟ್ಟು, ಮರಳು ಸೇರಿಸಿ ಅರೆದು ಹಚ್ಚುತ್ತಿದ್ದರು. ನಮ್ಮ ಕಡೆ ಅದಕ್ಕೆ ಬೆಲ್ಲ, ಅಳಲೆಕಾಯಿಯ ನೀರು ಸೇರಿಸುವ ಪದ್ಧತಿಯೂ ಇತ್ತು. ಗೋಡೆ ಕುಡಿದ ನೀರು ಆ ಗಾರೆಯ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ಅದನ್ನು ಕೆತ್ತಿ ಹಾಕಿ ಸಿಮೆಂಟ್ ಬಳಿದರೆ ನೀರಿಗೆ ಹೊರದಾರಿ ಇಲ್ಲವಾಗಿ, ಒಳಗಿನ ಉಪ್ಪು ಬಿಳಿ ಪುಡಿಯಾಗಿ ಉಕ್ಕಿ, ಎರಡು ಮೂರು ಮಳೆಗಾಲದಲ್ಲಿ ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ಹಳೆಯ ಕಟ್ಟಡವನ್ನು ಕಾಳಜಿಯಿಂದ ದುರಸ್ತಿ ಮಾಡಿದ್ದಾರೋ, ಬಣ್ಣ ಬಳಿದು ಮುಗಿಸಿದ್ದಾರೋ ಎಂದು ತಿಳಿಯಲು ನೆಲದಿಂದ ಮೊಣಕಾಲೆತ್ತರದವರೆಗಿನ ಗೋಡೆಯನ್ನು ನೋಡಿದರೆ ಸಾಕು.

ತಲೆಯೆತ್ತಿದರೆ ಹಂಚು ಕಾಣುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಈ ಕರಾವಳಿಯುದ್ದಕ್ಕೂ ಹಬ್ಬಿತು. ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹಂಚುಗಳ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುವುದನ್ನು ಮಕ್ಕಳಿಗೆ ತೋರಿಸಬಹುದು. ಪಣಜಿಯಲ್ಲಿ ಕನ್ನಡದ ಗುರುತು ಏನಿದೆಯೆಂದು ಮಕ್ಕಳು ಕೇಳಿದರೆ, ತಲೆಯ ಮೇಲಿದೆ ಎನ್ನಿ.

ಗುಡ್ಡ ಇಳಿದರೆ ಮಾಂಡವಿಯ ದಂಡೆಯಲ್ಲಿ ಇನ್ನೊಂದು ಗುರುತಿದೆ. ಹಳೆಯ ಸೆಕ್ರೆಟೇರಿಯೆಟ್ ಎಂದು ಕರೆಯುವ ಕಟ್ಟಡ ಮೂಲತಃ ವಿಜಯಪುರದ ಯೂಸುಫ್ ಆದಿಲ್ ಶಾಹನ ಬೇಸಿಗೆ ಅರಮನೆ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. 1759ರಿಂದ 1918ರವರೆಗೆ ಅವರ ವೈಸರಾಯರು ಮತ್ತು ಗವರ್ನರುಗಳು ಇಲ್ಲಿ ವಾಸಿಸಿದರು. ಆಮೇಲೆ ಸರಕಾರಿ ಕಚೇರಿಗಳು ಬಂದವು, ಪರ್ವರಿಯಲ್ಲಿ ಹೊಸ ಕಟ್ಟಡವಾಗುವವರೆಗೆ ವಿಧಾನಸಭೆಯೂ ಇಲ್ಲಿಯೇ ಕೂಡುತ್ತಿತ್ತು. ಈಚಿನ ವರ್ಷಗಳಲ್ಲಿ ಕಲಾಪ್ರದರ್ಶನಗಳೂ ನಡೆದಿವೆ.

ನಿವೃತ್ತ ಮಾಸ್ತರ, ಮಡಗಾಂವ್:

ಸುಣ್ಣಗಾರೆಯವರು ಬರೆದದ್ದನ್ನು ಸಂತೋಷದಿಂದ ಓದಿದೆ. ಆದರೂ ಒಂದು ಮಾತು ಹೇಳದಿದ್ದರೆ ಸಮಾಧಾನವಾಗದು. ಇಂಥ ಕಟ್ಟಡಗಳನ್ನು ಸಮುದಾಯದ ಕಲಾಕೇಂದ್ರ ಎಂದು ಕರೆಯುವಾಗ ಆ ಸಮುದಾಯ ಯಾವುದೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಕಡೆಯಿಂದ ಬಂದ ನಮ್ಮ ಗವಂಡಿಗಳೂ ಕೂಲಿಗಳೂ ಈ ರಾಜ್ಯದ ಎಷ್ಟು ಗೋಡೆಗಳನ್ನು ಕಟ್ಟಿದ್ದಾರೆ, ಎಷ್ಟನ್ನು ದುರಸ್ತಿ ಮಾಡಿದ್ದಾರೆ! ಕೆಲಸ ಮುಗಿದ ಮೇಲೆ ಆ ಗೋಡೆಗಳ ಒಳಗೆ ಕಾಲಿಟ್ಟವರು ಅವರಲ್ಲಿ ಎಷ್ಟು ಜನ?

ಪಣಜಿಯ ಹಳೆಯ ಜಿಎಂಸಿ (ಗೋವಾ ವೈದ್ಯಕೀಯ ಕಾಲೇಜು) ಕಟ್ಟಡವನ್ನೇ ತೆಗೆದುಕೊಳ್ಳಿ. 1842ರಲ್ಲಿ ಸ್ಥಾಪನೆಯಾದ ವೈದ್ಯಕೀಯ ಶಾಲೆಯ ಪರಂಪರೆಗೆ ಸೇರಿದ ಕಟ್ಟಡವದು. ಅಲ್ಲಿ ಆಸ್ಪತ್ರೆಯಿದ್ದಾಗ ಚೀಟಿ ಮಾಡಿಸಿದ ಯಾರು ಬೇಕಾದರೂ ಒಳಗೆ ಹೋಗುತ್ತಿದ್ದರು, ಯಾವ ಭಾಷೆಯವರೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಆಸ್ಪತ್ರೆ ಬಾಂಬೋಳಿಗೆ ಹೋಯಿತು. 2004ರಲ್ಲಿ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ಗೋವಾಕ್ಕೆ ಬಂದಾಗ ಕಟ್ಟಡ ದುರಸ್ತಿಯಾಗಿ ಹೊಸ ರೂಪ ಪಡೆಯಿತು. ಕಟ್ಟಡ ಉಳಿಯಿತಲ್ಲ ಎಂಬ ಸಂತೋಷ ನನಗೂ ಇದೆ. ಆದರೆ ಆಸ್ಪತ್ರೆಯ ಕಾಲದಲ್ಲಿ ಅದು ಜನರಿಗೆ ಎಷ್ಟು ತೆರೆದಿತ್ತೋ ಅಷ್ಟು ಈಗ ತೆರೆದಿದೆಯೆಂದು ಹೇಳಲಾರೆ. ಹೀಗೆ ಮಾರ್ಪಟ್ಟ ಕಟ್ಟಡವೊಂದರ ಬಾಗಿಲಲ್ಲಿ ನನ್ನ ಧೋತರ-ಟೋಪಿ ನೋಡಿ, ಯಾರನ್ನು ಕಾಣಬೇಕಿತ್ತು ಎಂದು ಕೇಳಿದವರೂ ಇದ್ದಾರೆ. ಚಿತ್ರಗಳನ್ನು ಕಾಣಬೇಕಿತ್ತು ಎಂದೆ. ಒಳಗೆ ಬಿಟ್ಟರು, ಆದರೆ ಹಿಂದೆಯೇ ಒಬ್ಬನನ್ನು ಕಳಿಸಿದರು.

ಹೋಗಬೇಡಿರೆಂದು ಇದನ್ನು ಬರೆಯುತ್ತಿಲ್ಲ. ಇಪ್ಪತ್ತೈದು ಜನ ಕೂಡಿಯೇ ಹೋಗಿರಿ, ಕನ್ನಡದಲ್ಲಿಯೇ ಮಾತಾಡಿರಿ.

ಸುಣ್ಣಗಾರೆ, ಪಣಜಿ:

ಮಾಸ್ತರರೇ, ತಮ್ಮ ಮಾತನ್ನು ಅಲ್ಲಗಳೆಯಲಾರೆ. ಒಂದನ್ನು ಮಾತ್ರ ಸೇರಿಸುತ್ತೇನೆ: ಹಳೆಯ ಜಿಎಂಸಿ ಕಟ್ಟಡ ಡಿಸೆಂಬರಿನಲ್ಲಿ ನಿಜಕ್ಕೂ ತೆರೆದುಕೊಳ್ಳುತ್ತದೆ. 2016ರಲ್ಲಿ ಆರಂಭವಾದ ಸೆರೆಂಡಿಪಿಟಿ ಆರ್ಟ್ಸ್ ಫೆಸ್ಟಿವಲ್ಲಿನ ಮುಖ್ಯ ಪ್ರದರ್ಶನಗಳು ಅಲ್ಲಿಯೇ ನಡೆಯುತ್ತವೆ. ಹೆಸರು ನೋಂದಾಯಿಸಿಕೊಂಡರೆ ಪ್ರವೇಶ ಉಚಿತ. ರೋಗಿಗಳ ಉದ್ದನೆಯ ವಾರ್ಡುಗಳಿದ್ದ ಕಟ್ಟಡ ಪ್ರದರ್ಶನಕ್ಕೆ ಇಷ್ಟು ಚೆನ್ನಾಗಿ ಒಗ್ಗಿರುವುದು ಆಕಸ್ಮಿಕವಲ್ಲ: ಎತ್ತರದ ಮಾಡು, ಸಾಲು ಕಿಟಕಿ, ಒಂದು ಕೋಣೆಯಿಂದ ಇನ್ನೊಂದಕ್ಕೆ ನೇರ ದಾರಿ, ಗಾಳಿಯಾಡುವ ಜಗಲಿ. ವಾಸದ ಮನೆಯನ್ನು ಚಿತ್ರಶಾಲೆಯಾಗಿಸುವುದೇ ಇದಕ್ಕಿಂತ ಕಷ್ಟ, ಏಕೆಂದರೆ ಮನೆಯಲ್ಲಿ ಗೋಡೆಗಿಂತ ಬಾಗಿಲು ಕಿಟಕಿಗಳೇ ಹೆಚ್ಚು.

ಚಿತ್ರದ ಟೀಚರ್:

ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಮಕ್ಕಳೊಂದಿಗೆ ಇಂಥ ಜಾಗಗಳಿಗೆ ಹೋಗುವುದು ನನ್ನ ಕೆಲಸದ ಭಾಗವೇ ಆಗಿರುವುದರಿಂದ ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಎಲ್ಲ ಚಿತ್ರಗಳ ಮುಂದೆಯೂ ನಡೆಸಿಕೊಂಡು ಹೋದರೆ ಹತ್ತು ನಿಮಿಷದಲ್ಲಿ ಅವರ ಗಮನ ಕೆಫೆಯ ಕೇಕಿನ ಕಡೆ ತಿರುಗುತ್ತದೆ. ಅದರ ಬದಲು ಇಬ್ಬಿಬ್ಬರನ್ನು ಜೋಡಿ ಮಾಡಿ, ಒಂದು ಚಿತ್ರವನ್ನೋ ಒಂದು ಕಿಟಕಿಯನ್ನೋ ಅವರೇ ಆರಿಸಿಕೊಂಡು, ಎದುರಿಗೆ ನೆಲದ ಮೇಲೆ ಕೂತು ಬಿಡಿಸಲಿ ಎಂದು ಬಿಟ್ಟುಬಿಡಿ. ಪೆನ್ಸಿಲ್ ಮತ್ತು ಹಾಳೆ ಸಾಕು. ಒಳಗೆ ಬಣ್ಣವನ್ನಾಗಲಿ ಶಾಯಿಯನ್ನಾಗಲಿ ತೆಗೆಯಬಾರದು. ಬೆನ್ನಿನ ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಲು ಹೇಳಿ. ಮಗು ತಿರುಗಿದಾಗ ಹಿಂದಿನ ಚೀಲ ಚಿತ್ರಕ್ಕೆ ತಾಗಿತೆಂಬುದು ಅದಕ್ಕೇ ಗೊತ್ತಾಗುವುದಿಲ್ಲ.

ಒಳಗೆ ಇಷ್ಟು ಕತ್ತಲೆ ಏಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಾಗದದ ಮೇಲಿನ ಚಿತ್ರಗಳಿಗೆ, ಹಳೆಯ ಛಾಯಾಚಿತ್ರಗಳಿಗೆ ಬೆಳಕಿನ ಅಳತೆಯಲ್ಲಿ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬ ನಿಯಮವನ್ನು ಸಂಗ್ರಹಾಲಯಗಳು ಪಾಲಿಸುತ್ತವೆ. ಬೆಳಕಿಗೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಗೋಡೆಗೆ ಮೊಳೆ ಹೊಡೆಯದೆ, ಮುಂದೆ ನಿಲ್ಲಿಸಿದ ಹಲಗೆಗೋ ಮೇಲಿನಿಂದ ಇಳಿಬಿಟ್ಟ ತಂತಿಗೋ ಚಿತ್ರ ತೂಗುಹಾಕಿದ್ದು ಕಂಡರೆ ಅದನ್ನೂ ತೋರಿಸಿ. ಸುಣ್ಣದ ಗಾರೆ ಮೊಳೆಯನ್ನು ಹಿಡಿಯುವುದಿಲ್ಲ, ಪುಡಿಯಾಗಿ ಉದುರುತ್ತದೆ. ಜೊತೆಗೆ, ಮಳೆಗಾಲದಲ್ಲಿ ತೇವ ಏರುವ ಗೋಡೆಗೆ ಕಾಗದದ ಚಿತ್ರವನ್ನು ಒತ್ತಿ ಇಟ್ಟರೆ ಹಿಂಬದಿಯಲ್ಲಿ ಬೂಷ್ಟು ಹಿಡಿದು ಕಂದು ಚುಕ್ಕೆಗಳು ಏಳುತ್ತವೆ.

ಅದೇ ದಿನ ನೋಡಲು ಎರಡು ಜಾಗಗಳಿವೆ. ಮೊದಲನೆಯದು ಮೆನೆಜಿಸ್ ಬ್ರಗಾಂಜಾ ಸಂಸ್ಥೆ. ಪೋರ್ಚುಗೀಸ್ ಸೈನ್ಯದ ಹಳೆಯ ವಸತಿ ಕಟ್ಟಡದ ಒಂದು ಭಾಗದಲ್ಲಿದೆ. ಪ್ರವೇಶದ ಪಡಸಾಲೆಯ ಗೋಡೆಗಳ ಮೇಲೆ 1935ರಲ್ಲಿ ಜಾರ್ಜ್ ಕೊಲಾಸೊ ರಚಿಸಿದ ಬಣ್ಣದ ಹೆಂಚಿನ ಚಿತ್ರಗಳಿವೆ. ವಾಸ್ಕೋ ಡ ಗಾಮನ ಸಮುದ್ರಯಾನವನ್ನು ಹಾಡುವ ಪೋರ್ಚುಗೀಸ್ ಮಹಾಕಾವ್ಯದ ದೃಶ್ಯಗಳವು. ವಾಸ್ಕೋದಲ್ಲಿಯೇ ಬೆಳೆಯುತ್ತಿರುವ ನಿಮ್ಮ ಮಕ್ಕಳಿಗೆ ಆ ಹೆಸರಿನ ಕತೆ ಗೋಡೆಯ ಮೇಲೆ ಸಿಗುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದು ಮುಖವೋ ಒಂದು ಹಾಯಿಯೋ ಎರಡು ಮೂರು ಹೆಂಚುಗಳಲ್ಲಿ ಹಂಚಿಹೋಗಿರುವುದು, ಹೆಂಚು ಕೂಡುವಲ್ಲಿ ಗೆರೆ ಮುರಿಯದೆ ಮುಂದುವರಿದಿರುವುದು ಕಾಣುತ್ತದೆ. ನನ್ನ ವಿದ್ಯಾರ್ಥಿಗಳು ಚಿತ್ರಕ್ಕಿಂತ ಆ ಜೋಡಣೆಯನ್ನೇ ಹೆಚ್ಚು ಹೊತ್ತು ನೋಡುತ್ತಾರೆ.

ಎರಡನೆಯದು ಪಣಜಿಯ ಹಳೆಯ ಬಡಾವಣೆಯಾದ ಫಾಂಟೈನ್ಹಾಸಿನಲ್ಲಿರುವ ಫುಂಡಸಾವ್ ಓರಿಯೆಂಟೆ ಎಂಬ ಪೋರ್ಚುಗೀಸ್ ಸಾಂಸ್ಕೃತಿಕ ಸಂಸ್ಥೆ. ಅಲ್ಲಿ ಗೋವಾ ಮೂಲದ ಆಂಟೋನಿಯೊ ಝೇವಿಯರ್ ಟ್ರಿಂಡಾಡೆ (1870–1935) ಅವರ ವರ್ಣಚಿತ್ರಗಳ ಸಂಗ್ರಹವಿದೆ. ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದವರು. ಮುಂದೆ ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರೂ ಕಲಿತು ಕಲಿಸಿದ್ದು ಅದೇ ಶಾಲೆಯಲ್ಲಿ. ಬರಿಯ ಮುಖಗಳನ್ನು, ಮನೆಯೊಳಗಿನ ಬೆಳಕನ್ನು ಬರೆದ ಚಿತ್ರಗಳಾದ್ದರಿಂದ ಕಲೆ ತಿಳಿಯದೆಂದು ಹಿಂಜರಿಯುವ ಹಿರಿಯರಿಗೆ ಇವು ಬೇಗ ಹತ್ತಿರವಾಗುತ್ತವೆ.

ವಾಸ್ಕೋ ಕನ್ನಡ ಬಳಗ:

ಎಲ್ಲರಿಗೂ ಅನಂತ ಧನ್ಯವಾದಗಳು. ಮಾಸ್ತರರ ಮಾತನ್ನು ಓದಿ ಹೇಳಿದಾಗ ನಮ್ಮ ಹಿರಿಯರಲ್ಲಿ ಒಬ್ಬರು ನಕ್ಕುಬಿಟ್ಟರು. ಅವರು ರೋಣದ ಕಡೆಯವರು, ಜೀವಮಾನವೆಲ್ಲ ಗೋವಾದಲ್ಲಿ ಗವಂಡಿ ಕೆಲಸ ಮಾಡಿದವರು. ಮಕ್ಕಳಿಗೆ ಗೋಡೆಯ ವಿಷಯವನ್ನು ತಾವೇ ಹೇಳುತ್ತೇನೆಂದು ಒಪ್ಪಿಕೊಂಡಿದ್ದಾರೆ. ಇನ್ನು ಉಳಿದಿರುವುದು ಗುಡ್ಡ ಹತ್ತುವ ಪ್ರಶ್ನೆ. ವಾಸ್ಕೋದಿಂದ ಕದಂಬ ಬಸ್ಸಿನಲ್ಲಿ ಬಂದರೆ ಅಜ್ಜಿಯರು ಆಲ್ತಿನೊಗೆ ನಡೆಯಬಲ್ಲರೇ?

ಸುಣ್ಣಗಾರೆ, ಪಣಜಿ:

ಬೇಡ, ನಡೆಸಬೇಡಿ, ಏರು ಚೆನ್ನಾಗಿಯೇ ಇದೆ. ಬಾಡಿಗೆಗೆ ಜನರನ್ನು ಕರೆದೊಯ್ಯುವ ಪೈಲಟ್ ಬೈಕುಗಳ ಹಿಂದೆ ಅಜ್ಜಿಯರನ್ನು ಕೂರಿಸುವುದೂ ಸರಿಯಲ್ಲ. ಬಸ್ ನಿಲ್ದಾಣದಿಂದ ಎರಡು ಟ್ಯಾಕ್ಸಿ ಮಾಡಿ ಅವರನ್ನು ನೇರವಾಗಿ ಮೇಲಕ್ಕೆ ಕಳಿಸಿ, ಮಕ್ಕಳನ್ನು ಫಾಂಟೈನ್ಹಾಸಿನ ಓಣಿಗಳ ಮೂಲಕ ನಡೆಸಿಕೊಂಡು ಬನ್ನಿ. ಬೆಳಿಗ್ಗೆಯೇ ಮೇಲಿನದನ್ನು ಮುಗಿಸಿದರೆ ಉಳಿದೆಲ್ಲವೂ ಇಳಿಜಾರು. ಕೇಂದ್ರಕ್ಕೆ ಫೋನ್ ಮಾಡುವಾಗಲೇ ಮೆಟ್ಟಿಲು ಹತ್ತಲಾಗದವರಿದ್ದಾರೆ ಎಂದು ತಿಳಿಸಿ, ಹಿರಿಯರಿಗೆ ಅಂಗಳದ ಮಟ್ಟದಲ್ಲಿ ಎಷ್ಟು ನೋಡಲು ಸಿಗುತ್ತದೆಂದು ಕೇಳಿಕೊಳ್ಳಿ.

ರೋಣದ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ದಿನ ನಿಶ್ಚಯವಾದರೆ ಇಲ್ಲಿ ಬರೆಯಿರಿ, ನಾನೂ ಬರುತ್ತೇನೆ. ಈಗ ದುರಸ್ತಿ ಮಾಡುತ್ತಿರುವ ಒಂದು ಮನೆಯ ಮೂಲೆಗೋಡೆಯಲ್ಲಿ ಎಷ್ಟು ಸಲ ಗಾರೆ ಬಳಿದರೂ ಉಪ್ಪು ಮತ್ತೆ ಉಕ್ಕುತ್ತಿದೆ. ಅದರ ಬಗ್ಗೆ ಅವರನ್ನು ಕೇಳುವುದಿದೆ.